ಕಿಟಕಿಗೂ ಒಂದು ಮಾಡು ಬೇಕು

ಸಂಪಾದಕರಿಗೆ,

ಮಾನ್ಯರೇ,

ಮಳೆಗಾಲಕ್ಕೆ ಮುನ್ನ ಮನೆಯನ್ನು ಹೇಗೆ ಅಣಿಗೊಳಿಸಬೇಕೆಂಬುದರ ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಎರಡು ಬಾರಿ ಓದಿದೆ. ತಾರಸಿಯ ಬಿರುಕು ಮುಚ್ಚುವುದು, ಒಡೆದ ಹಂಚು ಬದಲಿಸುವುದು, ಚರಂಡಿಯ ಹೂಳು ತೆಗೆಯುವುದು, ವಿದ್ಯುತ್ ತಂತಿಗೆ ತಾಗುವ ಕೊಂಬೆ ಕಡಿಸುವುದು ಎಲ್ಲವೂ ಅದರಲ್ಲಿತ್ತು. ಕಿಟಕಿಯ ವಿಷಯಕ್ಕೆ ಬಂದಾಗ ಮಾತ್ರ ‘ಕಿಟಕಿಗಳನ್ನು ಭದ್ರವಾಗಿ ಮುಚ್ಚಿಡಿ’ ಎಂಬ ಒಂದೇ ವಾಕ್ಯವಿತ್ತು. ಆ ವಾಕ್ಯವೇ ಈ ಪತ್ರಕ್ಕೆ ಕಾರಣ. ಜೂನ್ ಮೊದಲ ವಾರದಿಂದ ಸೆಪ್ಟೆಂಬರ್ ಕೊನೆಯವರೆಗೆ ಮುಚ್ಚಿಯೇ ಇಡಬೇಕಾದ ಕಿಟಕಿಯಿಂದ ಕರಾವಳಿಯ ಮನೆಗೆ ಏನು ಪ್ರಯೋಜನ? ಮಳೆ ಸುರಿಯುತ್ತಿರುವಾಗಲೂ ತೆರೆದಿಡಬಹುದಾದ ಕಿಟಕಿ ನಮಗೆ ಬೇಕು. ಅದಕ್ಕೆ ಕಿಟಕಿಯ ಮೇಲೊಂದು ಚಿಕ್ಕ ಮಾಡು, ಅಂದರೆ ಇಳಿಜಾರು ಚಾವಣಿ, ಸಾಕು, ಮತ್ತು ಅದನ್ನು ಮನೆಯವರೇ ಕಟ್ಟಿಕೊಳ್ಳಬಹುದು ಎಂಬುದನ್ನು ನನ್ನ ಅನುಭವದಿಂದ ತಿಳಿಸಲು ಬಯಸುತ್ತೇನೆ.

ನಾನು ಕುಂದಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡಿಕೊಂಡಿರುವವಳು. ನಮ್ಮದು ಒಂಬತ್ತು ವರ್ಷಗಳ ಹಿಂದೆ ಕಟ್ಟಿದ ಸಣ್ಣ ತಾರಸಿ ಮನೆ. ಹೊಲಿಗೆ ಯಂತ್ರ ಇರುವುದು ಪಡುವಣ ಕೋಣೆಯಲ್ಲಿ, 4 ಅಡಿ ಅಗಲ 4 ಅಡಿ ಎತ್ತರದ ಒಂದೇ ಕಿಟಕಿಯ ಪಕ್ಕದಲ್ಲಿ. ಸೂಜಿಗೆ ನೂಲು ಪೋಣಿಸುವವರಿಗೆ, ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರದಲ್ಲಿ ಹೊಲಿಯುವವರಿಗೆ ಹಗಲ ಬೆಳಕು ಎಂದರೆ ಏನೆಂದು ಹೆಚ್ಚು ವಿವರಿಸಬೇಕಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆಯಾಗುತ್ತದೆ. ಅದರ ಬಹುಪಾಲು ಆ ನಾಲ್ಕು ತಿಂಗಳಲ್ಲೇ ಬೀಳುತ್ತದೆ, ಅದೂ ನೈಋತ್ಯದಿಂದ ಕಡಲಗಾಳಿಯ ಜೊತೆ ಓರೆಯಾಗಿ ಬರುತ್ತದೆ. ಪಡುವಣ ಗೋಡೆಯಲ್ಲಿ ಬರಿದಾಗಿ ನಿಂತ ಕಿಟಕಿಗೆ ಅದು ನೇರವಾಗಿ ಹೊಡೆಯುತ್ತದೆ.

ಮನೆ ಕಟ್ಟುವಾಗ ಆ ಕಿಟಕಿಗೆ ಸನ್‌ಶೇಡ್ ಹಾಕಿಸಿರಲಿಲ್ಲ. ಕೆಲಸ ವಹಿಸಿಕೊಂಡವರು ‘ಈಗ ಎಲ್ಲರೂ ಮುಂಭಾಗ ಸಪಾಟಾಗಿರಲಿ ಎನ್ನುತ್ತಾರೆ, ಬೇಕಿದ್ದರೆ ಆಮೇಲೆ ಶೀಟು ಹಾಕಿಸಿಕೊಳ್ಳಿ, ಒಂದಿಷ್ಟು ಕಬ್ಬಿಣ ಸಿಮೆಂಟು ಉಳಿಯುತ್ತದೆ’ ಎಂದಿದ್ದರು. ಕೈಯಲ್ಲಿ ದುಡ್ಡು ಮುಗಿಯುತ್ತ ಬಂದಿದ್ದ ಸಮಯವಾದ್ದರಿಂದ ಉಳಿಯುತ್ತದೆ ಎಂಬ ಮಾತು ನಮಗೆ ಹಿಡಿಸಿತು. ಮೊದಲ ಆರಿದ್ರಾ ಮಳೆಗೇ ಅದರ ಬೆಲೆ ತಿಳಿಯಿತು. ಕಿಟಕಿ ಬಾಗಿಲು ತೆರೆದರೆ ಯಂತ್ರದ ಮೇಲೆ ಎರಚಲು, ಮುಚ್ಚಿದರೆ ಕತ್ತಲೆ ಮತ್ತು ಧಗೆ. ಗಾಳಿ ಮಳೆಗೆ ವಿದ್ಯುತ್ ಹೋಗುವುದು ನಮ್ಮ ಕಡೆ ಸಾಮಾನ್ಯವಾದ್ದರಿಂದ ದೀಪವನ್ನು ನಂಬಿಕೊಂಡು ಕೂರುವಂತಿಲ್ಲ. ಮುಚ್ಚಿದ ಕಿಟಕಿಯ ಸಂದಿನಿಂದಲೂ ನೀರು ಜಿನುಗಿ ಗೋಡೆಯ ಒಳಮೈಯಲ್ಲಿ ಹಸಿರು ಪಾಚಿ ಬಂತು, ಮರದ ಚೌಕಟ್ಟು ಉಬ್ಬಿ ಬಾಗಿಲು ಹಿಡಿದುಕೊಳ್ಳತೊಡಗಿತು. ಒಮ್ಮೆ ಮದುವೆಯ ರೇಷ್ಮೆ ರವಿಕೆಯ ತುಂಡೊಂದು ಕಿಟಕಿಯ ಬುಡದಲ್ಲಿದ್ದು ರಾತ್ರಿ ಬೆಳಗಾಗುವುದರೊಳಗೆ ಕಲೆಯಾಯಿತು. ಆ ಬಟ್ಟೆಯ ಹಣ ಕೊಟ್ಟೆ, ಅದು ದೊಡ್ಡ ಮಾತಲ್ಲ. ನಂಬಿ ಕೊಟ್ಟ ಹುಡುಗಿಯ ಮುಖ ನೋಡುವುದು ಕಷ್ಟವಾಯಿತು.

ನಾನು ಹುಟ್ಟಿ ಬೆಳೆದ ಮನೆಯಲ್ಲಿ ಈ ತೊಂದರೆ ಇರಲಿಲ್ಲ. ಅಲ್ಲಿ ಹಂಚಿನ ಮಾಡು ಗೋಡೆಯಿಂದ ಮೂರು ನಾಲ್ಕು ಅಡಿ ಹೊರಕ್ಕೆ ಇಳಿದಿತ್ತು. ಸಣ್ಣ ಕಿಟಕಿಗಳು ಆ ಮಾಡಿನ ನೆರಳಲ್ಲಿದ್ದವು, ಮುಂದೆ ಜಗಲಿ ಇತ್ತು. ಪಡುವಣ ದಿಕ್ಕಿಗೆ ಅದೂ ಸಾಲದೆಂದು ಮೃಗಶಿರಾ ಮಳೆ ಹಿಡಿಯುವ ಮೊದಲೇ ತೆಂಗಿನ ಮಡಲು ಹೆಣೆದ ತಟ್ಟಿಗಳನ್ನು ಕಟ್ಟುತ್ತಿದ್ದರು. ಮಳೆ ಹೋದ ಮೇಲೆ ಬಿಚ್ಚಿದ ತಟ್ಟಿ ಬಚ್ಚಲ ಒಲೆಗೆ ಉರುವಲಾಗುತ್ತಿತ್ತು. ಮೂಡುಬಿದಿರೆಯ ಬಸದಿಗಳನ್ನೂ ಭಟ್ಕಳದ ಹಳೆಯ ದೇವಾಲಯಗಳನ್ನೂ ನೋಡಿದವರಿಗೆ, ಕಲ್ಲಿನಲ್ಲಿ ಕಟ್ಟುವಾಗಲೂ ನಮ್ಮ ಹಿರಿಯರು ಇಳಿಜಾರು ಮಾಡನ್ನು ಬಿಟ್ಟುಕೊಟ್ಟಿರಲಿಲ್ಲ ಎಂಬುದು ನೆನಪಿರಬಹುದು. ತಾರಸಿ ಮನೆ ಬಂದಾಗ ಆ ಇಳಿಮಾಡು ಹೋಯಿತು. ಅದರ ಬದಲಿಗೆ ಪ್ರತಿ ಕಿಟಕಿಗೊಂದು ಕಾಂಕ್ರೀಟಿನ ಸನ್‌ಶೇಡ್ ಬಂತು. ಈಗ ಅದೂ ಹೋಗುತ್ತಿದೆ. ಹೋದದ್ದರ ಜಾಗಕ್ಕೆ ಏನು ಬಂದಿದೆ ಎಂದು ಹುಡುಕಿದರೆ ಜಾರುಗಾಜಿನ ಅಲ್ಯೂಮಿನಿಯಂ ಕಿಟಕಿ ಬಂದಿದೆ. ಅದರ ಕೆಳಗಿನ ಹಳಿಯಲ್ಲಿ ನಿಂತ ನೀರು ಗಾಳಿ ಬೀಸಿದಾಗ ಒಳಕ್ಕೇ ಉಕ್ಕುತ್ತದೆ.

ಕೊನೆಗೆ ಕಳೆದ ವರ್ಷ ಏಪ್ರಿಲ್‌ನಲ್ಲಿ ನಾನೂ ನನ್ನ ತಮ್ಮನೂ ಸೇರಿ ಆ ಕಿಟಕಿಗೆ ಮಾಡು ಕಟ್ಟಿದೆವು. ಊರಿನ ಹಿರಿಯ ಬಡಗಿಯೊಬ್ಬರು ಎರಡು ದಿನ ಬಂದು ಕುಳಿತು ಹೇಳಿಕೊಟ್ಟರು. ಪಕ್ಕದ ಊರಿನಲ್ಲಿ ಕೆಡವಿದ ಹಳೆಯ ಮನೆಯಿಂದ ಮಂಗಳೂರು ಹಂಚುಗಳನ್ನೂ ಕಿರಾಲ್‌ಬೋಗಿ ಮರದ ಪಕ್ಕಾಸುಗಳನ್ನೂ (ಮಾಡನ್ನು ಹೊರುವ ಓರೆ ತೊಲೆಗಳನ್ನು) ಕಡಿಮೆ ದರಕ್ಕೆ ತಂದೆವು. ಬೋಲ್ಟು, ತಗಡಿನ ಪಟ್ಟಿ, ಗಾಜಿನ ಹಂಚು, ಸಾಗಾಟ ಎಲ್ಲ ಸೇರಿ ನಮಗೆ ಬಂದ ಖರ್ಚು 3,800 ರೂಪಾಯಿ. ಮರ ಮತ್ತು ಹಂಚನ್ನು ಹೊಸದಾಗಿ ಕೊಂಡರೆ ಇದಕ್ಕಿಂತ ಸಾಕಷ್ಟು ಹೆಚ್ಚಾಗುತ್ತದೆ ಎಂಬುದನ್ನೂ ಹೇಳಬೇಕು. ಹಳೆಯ ಮನೆಗಳು ದಿನವೂ ನೆಲಕ್ಕುರುಳುತ್ತಿರುವ ಈ ಕಾಲದಲ್ಲಿ ಅವುಗಳ ಹಂಚನ್ನು ಹೊಂಡ ತುಂಬಲು ಹಾಕುವುದನ್ನು ನೋಡಿ ನನಗೆ ಸಂಕಟವಾಗುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದಂದಿನಿಂದ ಈ ಕರಾವಳಿಯ ಮಳೆಯನ್ನು ತಡೆದು ತೋರಿಸಿದ ವಸ್ತು ಅದು.

ಕಟ್ಟುವ ಕ್ರಮವನ್ನು ತುಸು ವಿವರವಾಗಿ ಹೇಳುತ್ತೇನೆ, ಏಕೆಂದರೆ ಕಷ್ಟವಿರುವುದು ವಿವರಗಳಲ್ಲೇ. ಮಾಡು ಕಿಟಕಿಯಷ್ಟೇ ಅಗಲವಿದ್ದರೆ ಸಾಲದು, ಎರಡೂ ಕಡೆ ಒಂದೊಂದು ಅಡಿ ಚಾಚಿರಬೇಕು. ಹಾಗಾಗಿ ನಮ್ಮದು 6 ಅಡಿ ಅಗಲ. ಗೋಡೆಯಿಂದ ಹೊರಕ್ಕೆ 3 ಅಡಿ. ಇಳಿಜಾರು ಎರಡಡಿಗೆ ಒಂದಡಿ, ಅಂದರೆ 3 ಅಡಿ ಹೊರಕ್ಕೆ ಬರುವಷ್ಟರಲ್ಲಿ ಒಂದೂವರೆ ಅಡಿ ಕೆಳಗಿಳಿಯುತ್ತದೆ. ಹಂಚಿನ ಮಾಡಿಗೆ ಇದಕ್ಕಿಂತ ಸಪಾಟು ಇಳಿಜಾರು ಕೊಟ್ಟರೆ ಗಾಳಿ ನೀರನ್ನು ಹಂಚಿನ ಸಂದಿಯಲ್ಲಿ ಮೇಲಕ್ಕೆ ತಳ್ಳುತ್ತದೆ ಎಂದು ಬಡಗಿಯವರು ಎಚ್ಚರಿಸಿದ್ದರು.

ಮಾಡಿನ ಮೇಲಂಚನ್ನು ಎಲ್ಲಿ ಕೂರಿಸಬೇಕು ಎಂಬಲ್ಲಿ ನಾವು ಮೊದಲು ತಪ್ಪಿದೆವು. ಕಿಟಕಿಯ ನೆತ್ತಿಯಿಂದ ಒಂದು ಅಡಿ ಮೇಲೆ ಸಾಕೆಂದು ಗೋಡೆಯ ಮೇಲೆ ಗೆರೆ ಎಳೆದಿದ್ದೆವು. ಮರ ಕತ್ತರಿಸುವ ಮೊದಲು ಹಳೆಯ ರಟ್ಟಿನ ಪೆಟ್ಟಿಗೆಗಳಿಂದ ಅದೇ ಅಳತೆಯ ತ್ರಿಕೋನ ಮಾಡಿ ಗೋಡೆಗೆ ಹಿಡಿದು ನೋಡಿದಾಗ, ಹೊರಕ್ಕೆ ತೆರೆಯುವ 2 ಅಡಿ ಅಗಲದ ಕಿಟಕಿ ಬಾಗಿಲಿನ ತುದಿ ಪಕ್ಕಾಸಿಗೆ ಬಡಿಯುತ್ತದೆ ಎಂಬುದು ಗೊತ್ತಾಯಿತು. ಲೆಕ್ಕ ಸರಳ: 2 ಅಡಿ ಹೊರಗೆ ಬಂದಾಗ ಮಾಡು 1 ಅಡಿ ಇಳಿದಿರುತ್ತದೆ, ಅದರ ಕೆಳಗೆ 3 ಅಂಗುಲದ ಪಕ್ಕಾಸು ಇರುತ್ತದೆ. ಆದ್ದರಿಂದ ಮೇಲಂಚನ್ನು ಒಂದೂವರೆ ಅಡಿ ಎತ್ತರಕ್ಕೆ ಏರಿಸಿದೆವು. ಆಗ ಬಾಗಿಲಿಗೂ ಮರಕ್ಕೂ ನಡುವೆ 3 ಅಂಗುಲ ಜಾಗ ಸಿಕ್ಕಿತು, ಮಾಡಿನ ಮುಂಗಡೆಯ ಅಂಚು ಸರಿಯಾಗಿ ಕಿಟಕಿಯ ನೆತ್ತಿಯ ಮಟ್ಟಕ್ಕೆ ಬಂತು. ಈ ಕೆಲಸಕ್ಕೆ ಕೈಹಾಕುವವರು ರಟ್ಟಿನ ಮಾದರಿಯನ್ನು ತಪ್ಪದೆ ಮಾಡಿ ನೋಡಬೇಕೆಂದು ವಿನಂತಿಸುತ್ತೇನೆ. ನಮಗೆ ಅರ್ಧ ಗಂಟೆ ಹಿಡಿಯಿತು. ಇಲ್ಲದಿದ್ದರೆ ಮರವೆಲ್ಲ ವ್ಯರ್ಥವಾಗುತ್ತಿತ್ತು.

ಕಿಟಕಿಯ ಎರಡೂ ಬದಿಗೆ ಅರ್ಧ ಅಡಿ ಬಿಟ್ಟು ಒಂದೊಂದು ಮರದ ತ್ರಿಕೋನದ ಆನಿಕೆ, ಗೋಡೆಯುದ್ದಕ್ಕೆ ಒಂದು ಮೇಲ್ಪಟ್ಟಿ, ಮುಂದೆ ಒಂದು ಅಡ್ಡತೊಲೆ, ಅವುಗಳ ಮೇಲೆ ನಾಲ್ಕು ಪಕ್ಕಾಸು, ಪಕ್ಕಾಸಿನ ಮೇಲೆ ರೀಪುಗಳು, ಅಂದರೆ ಹಂಚು ಕೂರುವ ಅಡ್ಡ ಪಟ್ಟಿಗಳು. ಇಷ್ಟೇ ಚೌಕಟ್ಟು. ಎರಡು ರೀಪಿನ ನಡುವಿನ ಅಂತರವನ್ನು ಪುಸ್ತಕದ ಅಳತೆಯಿಂದ ಇಡಬಾರದು, ಕೈಯಲ್ಲಿರುವ ಹಂಚನ್ನೇ ಇಟ್ಟು ಗುರುತು ಹಾಕಬೇಕು. ಬೇರೆ ಬೇರೆ ಕಾರ್ಖಾನೆಯ ಹಂಚುಗಳ ಉದ್ದದಲ್ಲಿ ಅರ್ಧ ಅಂಗುಲದ ವ್ಯತ್ಯಾಸವಿರುತ್ತದೆ, ಮಿಶ್ರ ಮಾಡಿದರೆ ಕೊಂಡಿ ಕೂರುವುದಿಲ್ಲ. ನಮಗೆ ಒಂದು ಸಾಲಿಗೆ ಒಂಬತ್ತರಂತೆ ಮೂರು ಸಾಲು, ಒಟ್ಟು 27 ಹಂಚು ಬೇಕಾಯಿತು. ಮರಕ್ಕೆ ಎರಡು ಕೈ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿದೆವು. ನಮ್ಮ ಕಡೆ ದೋಣಿಗೂ ಅದನ್ನು ಹಚ್ಚುತ್ತಿದ್ದ ಕಾಲವಿತ್ತು. ಗೆದ್ದಲಿಗೂ ನೀರಿಗೂ ಅದು ಒಳ್ಳೆಯ ತಡೆ, ಆದರೆ ಚರ್ಮಕ್ಕೆ ತಾಗಿದರೆ ಸುಡುತ್ತದೆ, ಕೈಗವಸು ಇಲ್ಲದೆ ಮುಟ್ಟಬಾರದು.

ಎಲ್ಲಕ್ಕಿಂತ ಹೆಚ್ಚು ಯೋಚನೆ ಬೇಕಾದದ್ದು ಗೋಡೆಗೆ ಜೋಡಿಸುವ ವಿಷಯದಲ್ಲಿ. ನಮ್ಮದು ಕೆಂಪುಕಲ್ಲಿನ ಗೋಡೆ. ಕೆಂಪುಕಲ್ಲಿನ ಮೈತುಂಬ ರಂಧ್ರಗಳು. ಇಟ್ಟಿಗೆಗೋ ಕಾಂಕ್ರೀಟಿಗೋ ಹೊಡೆಯುವ ಪ್ಲಾಸ್ಟಿಕ್ ಪ್ಲಗ್ಗು, ಸ್ಕ್ರೂ ಅದರಲ್ಲಿ ಮೊದಲ ದಿನ ಹಿಡಿದಂತೆ ಕಂಡರೂ ನಾಲ್ಕು ಗಾಳಿಗೆ ಸಡಿಲವಾಗುತ್ತದೆ. ಹಾಲೋ ಬ್ಲಾಕಿನ ಗೋಡೆಯಲ್ಲೂ ಒಳಗೆ ಟೊಳ್ಳಿರುವುದರಿಂದ ಇದೇ ಪಾಡು. ಅದಕ್ಕಾಗಿ ಗೋಡೆಯನ್ನು ಆರಪಾರು ಕೊರೆದು, 12 ಮಿಲಿಮೀಟರ್ ದಪ್ಪ, 14 ಅಂಗುಲ ಉದ್ದದ ತಿರುಪಿನ ಸರಳುಗಳನ್ನು ತೂರಿಸಿ, ಒಳಗಡೆ 4 ಅಂಗುಲ ಚೌಕದ ಕಬ್ಬಿಣದ ತಟ್ಟೆಯಿಟ್ಟು ನಟ್ಟು ಬಿಗಿದೆವು. ಪ್ರತಿ ಆನಿಕೆಗೆ ಎರಡು, ಮೇಲ್ಪಟ್ಟಿಗೆ ಎರಡು, ಒಟ್ಟು ಆರು ಸರಳುಗಳು. ಕೊರೆಯುವಾಗ ರಂಧ್ರ ಹೊರಗಡೆಗೆ ತುಸು ಇಳಿಜಾರಾಗಿರಬೇಕು. ಒಳಕ್ಕೆ ಇಳಿಜಾರಾದರೆ ಸರಳಿನ ಗುಂಟ ನೀರು ಮನೆಯೊಳಕ್ಕೆ ಬರುತ್ತದೆ. ಕಡಲಿಗೆ ಹತ್ತಿರವಿರುವವರು ಸ್ಟೇನ್‌ಲೆಸ್ ಸ್ಟೀಲಿನ ಸರಳನ್ನೇ ಕೊಳ್ಳಬೇಕು, ಉಪ್ಪುಗಾಳಿಗೆ ಸಾಮಾನ್ಯ ಕಬ್ಬಿಣ ಬೇಗ ಸವೆಯುತ್ತದೆ. ಒಳಗಿನ ತಟ್ಟೆಗಳು ಗೋಡೆಯ ಅಂದ ಕೆಡಿಸುತ್ತವೆ ಎಂದು ಕೆಲವರು ಹೇಳಿದರು. ಅವುಗಳ ಮೇಲೆ ಮರದ ಹಲಗೆ ಹೊಡೆದು ನೂಲಿನ ಉಂಡೆಗಳನ್ನು ತೂಗುಹಾಕಿದ್ದೇನೆ.

ಇಷ್ಟು ಬಿಗಿ ಏಕೆ ಬೇಕು ಎಂದು ತಮ್ಮನೂ ಕೇಳಿದ್ದ. ಇಂಜಿನಿಯರಿಂಗ್ ಓದಿರುವ ನಮ್ಮ ಅಣ್ಣನ ಮಗ ಲೆಕ್ಕ ಹಾಕಿ ತೋರಿಸಿದ. ಕಟ್ಟಡಗಳ ಗಾಳಿಯ ಹೊರೆಗೆ ಸಂಬಂಧಿಸಿದ ಭಾರತೀಯ ಮಾನಕ 875ರ ಮೂರನೆಯ ಭಾಗದಲ್ಲಿ ಮಂಗಳೂರಿಗೆ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್ ಎಂದಿದೆ, ಬೆಂಗಳೂರಿಗೆ 33. ಸೆಕೆಂಡಿಗೆ 39 ಮೀಟರ್ ಎಂದರೆ ಗಂಟೆಗೆ 140 ಕಿಲೋಮೀಟರ್. ಆ ವೇಗದಲ್ಲಿ ಒಂದು ಚದರ ಮೀಟರಿನ ಮೇಲೆ ಸುಮಾರು 93 ಕೆ.ಜಿ.ಯಷ್ಟು ಒತ್ತಡ ಬೀಳುತ್ತದೆ. ನಮ್ಮ ಮಾಡಿನ ವಿಸ್ತೀರ್ಣಕ್ಕೆ ಅದು 170 ಕೆ.ಜಿ.ಗೂ ಹೆಚ್ಚಾಗುತ್ತದೆ. ಹಂಚು, ಮರ ಎಲ್ಲ ಸೇರಿ ನಮ್ಮ ಮಾಡಿನ ತೂಕ 100 ಕೆ.ಜಿ.ಯ ಒಳಗೆ. ಗಾಳಿ ಗೋಡೆಗೆ ಬಡಿದು ಅಡಿಯಿಂದ ಮೇಲೆದ್ದರೆ ಮಾಡನ್ನು ಕೆಳಕ್ಕೆ ಬೀಳಿಸುವುದಕ್ಕಿಂತ ಮೇಲಕ್ಕೆ ಕಿತ್ತೆಸೆಯುವ ಸಾಧ್ಯತೆಯೇ ಹೆಚ್ಚು ಎಂಬುದು ಈ ಲೆಕ್ಕದಿಂದ ನಮಗೆ ಮನವರಿಕೆಯಾಯಿತು. ಅಂದಿನಿಂದ ಮುಂಗಡೆಯ ಸಾಲಿನ ಪ್ರತಿಯೊಂದು ಹಂಚನ್ನೂ ತಾಮ್ರದ ತಂತಿಯಿಂದ ರೀಪಿಗೆ ಕಟ್ಟಿದ್ದೇವೆ, ಪಕ್ಕಾಸುಗಳನ್ನು ಮೊಳೆಯ ಬದಲು ಬೋಲ್ಟಿನಿಂದ ತೊಲೆಗೆ ಬಿಗಿದಿದ್ದೇವೆ. ಕಿಟಕಿಯ ಮೇಲೆ ತಗಡಿನ ಶೀಟನ್ನು ಎರಡು ಮೊಳೆಯಲ್ಲಿ ಹೊಡೆದು ಬಿಡುವವರು ದಯವಿಟ್ಟು ಇದನ್ನು ಗಮನಿಸಬೇಕು. ಹಾರಿದ ಶೀಟಿನ ಅಂಚು ಕತ್ತಿಯಂತಿರುತ್ತದೆ, ಅದು ಯಾರ ಅಂಗಳದಲ್ಲಿ ಬೀಳುತ್ತದೆ ಎಂದು ಹೇಳಲಾಗುವುದಿಲ್ಲ.

ಮಾಡು ಗೋಡೆಯನ್ನು ಸೇರುವ ಗೆರೆಯಲ್ಲಿ ನೀರು ಇಳಿಯದಂತೆ ಮಾಡುವುದು ಮತ್ತೊಂದು ಸೂಕ್ಷ್ಮ ಕೆಲಸ. ಬರೀ ಸಿಮೆಂಟು ಮೆತ್ತಿದರೆ ಮರ ಹಿಗ್ಗಿ ಕುಗ್ಗಿ ಒಂದೇ ವರ್ಷದಲ್ಲಿ ಅಲ್ಲಿ ಬಿರುಕು ಬಿಡುತ್ತದೆ. ನಾವು ಹಂಚಿನಿಂದ 3 ಅಂಗುಲ ಮೇಲೆ ಗಾರೆಯಲ್ಲಿ 1 ಅಂಗುಲ ಆಳದ ಗೀರು ಕೊರೆದು, ಅಲ್ಯೂಮಿನಿಯಂ ತಗಡಿನ ಪಟ್ಟಿಯನ್ನು ಮಡಚಿ ಅದರೊಳಗೆ ಸಿಕ್ಕಿಸಿ, ಕೆಳಗಿನ ಅರ್ಧ ಹಂಚಿನ ಮೇಲೆ ಇಳಿಬೀಳುವಂತೆ ಬಿಟ್ಟು, ಗೀರನ್ನು ಜಲನಿರೋಧಕ ಬೆರೆಸಿದ ಗಾರೆಯಿಂದ ತುಂಬಿದೆವು. ಪಟ್ಟಿ ಹಂಚಿಗೆ ಅಂಟಿಲ್ಲದ ಕಾರಣ ಮಾಡು ಅಲುಗಿದರೂ ಗೋಡೆಯ ಕಡೆ ಬಿರುಕಾಗುವುದಿಲ್ಲ.

ಬದಿಗಳ ಬಗ್ಗೆ ನಾನು ಹಟ ಹಿಡಿದು ಒಂದು ತೀರ್ಮಾನ ಮಾಡಿದೆ. ಎರಡೂ ಬದಿಯನ್ನು ಹಲಗೆಯಿಂದ ಮುಚ್ಚಿದರೆ ಕಿಟಕಿ ಗುಹೆಯಂತಾಗುತ್ತದೆ. ನಮ್ಮಲ್ಲಿ ಎರಚಲು ಬರುವುದು ತೆಂಕು ಪಡುವಣದಿಂದ. ಹಾಗಾಗಿ ತೆಂಕಣ ಬದಿಯ ತ್ರಿಕೋನಕ್ಕೆ ಮಾತ್ರ ಅಡಿಕೆ ದಬ್ಬೆಗಳನ್ನು ಒತ್ತೊತ್ತಾಗಿ ಹೊಡೆದೆವು, ಬಡಗಣ ಬದಿಯನ್ನು ತೆರೆದೇ ಬಿಟ್ಟೆವು. ಬೆಳಕಿಗಾಗಿ ಮಧ್ಯದ ಸಾಲಿನಲ್ಲಿ ಎರಡು ಗಾಜಿನ ಹಂಚು ಇಟ್ಟೆವು, ಹಿಂದೆ ಅಡುಗೆಮನೆಯ ಮಾಡಿಗೆ ಇಡುತ್ತಿದ್ದರಲ್ಲ, ಅಂಥವು. ಅವುಗಳಿಂದ ಇಳಿಯುವ ಬೆಳಕು ನೇರವಾಗಿ ಯಂತ್ರದ ಸೂಜಿಯ ಮೇಲೆ ಬೀಳುತ್ತದೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಭಾಗ ಅದು.

ಹಂಚೇ ಆಗಬೇಕೆಂದು ನಾನು ಹೇಳುತ್ತಿಲ್ಲ. ಸತು ಲೇಪಿಸಿದ ತಗಡು ಹಗುರ, ಬೇಗ ಕೂರಿಸಬಹುದು, ಆದರೆ ಜಡಿಮಳೆಯಲ್ಲಿ ಅದರ ಸದ್ದಿಗೆ ಎದುರು ಕೂತವರ ಮಾತು ಕೇಳುವುದಿಲ್ಲ, ಬೇಸಿಗೆಯಲ್ಲಿ ಕಾದು ಕಿಟಕಿಗೆ ಬಿಸಿಗಾಳಿ ಊದುತ್ತದೆ. ಪಾಲಿಕಾರ್ಬೊನೇಟ್ ಹಾಳೆ ಬೆಳಕು ಕೊಡುತ್ತದೆ, ಜೊತೆಗೆ ಬಿಸಿಲನ್ನೂ ಬಿಡುತ್ತದೆ. ಆಸ್ಬೆಸ್ಟಾಸ್ ಬೆರೆತ ಸಿಮೆಂಟು ಶೀಟಿನ ಹಳೆಯ ತುಂಡುಗಳು ಹಿತ್ತಲಲ್ಲಿ ಬಿದ್ದಿವೆ ಎಂದು ಅದನ್ನು ಕತ್ತರಿಸಿ ಕಿಟಕಿಗೆ ಹಾಕುವವರನ್ನು ಕಂಡಿದ್ದೇನೆ. ಅದನ್ನು ಮಾತ್ರ ಮಾಡಬಾರದು. ಎಲ್ಲ ಬಗೆಯ ಆಸ್ಬೆಸ್ಟಾಸ್ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ, ಗರಗಸ ಹಾಕಿದಾಗ ಏಳುವ ದೂಳು ಮನೆಯವರೆಲ್ಲರ ಶ್ವಾಸಕ್ಕೆ ಸೇರುತ್ತದೆ.

ಕಳೆದ ಮಳೆಗಾಲ ನಮ್ಮ ಮಾಡಿನ ಮೊದಲ ಪರೀಕ್ಷೆ. ಆರಿದ್ರಾ, ಪುನರ್ವಸು, ಪುಷ್ಯ ಮೂರೂ ಮಳೆಗಳಲ್ಲಿ ಹೆಚ್ಚಿನ ದಿನ ಕಿಟಕಿ ತೆರೆದೇ ಇತ್ತು. ಗೋಡೆಯ ಪಾಚಿ ಹೋಯಿತು, ಬಾಗಿಲು ಹಿಡಿದುಕೊಳ್ಳುವುದು ನಿಂತಿತು. ಆದರೆ ಮಾಡು ಎಲ್ಲ ಮಳೆಯನ್ನೂ ತಡೆಯುತ್ತದೆ ಎಂದರೆ ಸುಳ್ಳಾಗುತ್ತದೆ. ಮಳೆ ಸರಿಯಾಗಿ 45 ಡಿಗ್ರಿ ಓರೆಯಾಗಿ ಬಂದರೆ 3 ಅಡಿ ಚಾಚಿದ ಮಾಡು ಕಿಟಕಿಯ ಮೇಲಿನ 3 ಅಡಿಯನ್ನಷ್ಟೇ ಕಾಯುತ್ತದೆ, ಕೆಳಗಿನ ಒಂದು ಅಡಿ ನೆನೆಯುತ್ತದೆ. ಅದಕ್ಕಾಗಿ ಕಿಟಕಿಯ ಬುಡಕ್ಕೆ ಹೊರಗಡೆಗೆ ಇಳಿಜಾರಾದ ಕಡಪಾ ಕಲ್ಲು ಕೂರಿಸಿ, ಯಂತ್ರವನ್ನು ಗೋಡೆಯಿಂದ ಒಂದೂವರೆ ಅಡಿ ಈಚೆಗೆ ಎಳೆದುಕೊಂಡಿದ್ದೇನೆ. ಬಿರುಗಾಳಿಯ ಮೂರು ನಾಲ್ಕು ದಿನ ಕಿಟಕಿ ಮುಚ್ಚಬೇಕಾಯಿತು. ಬೇಸಿಗೆಯಲ್ಲಿಯೂ ಹೀಗೇ: ಮಾರ್ಚ್ ಕೊನೆಯಲ್ಲಿ ಸಂಜೆ ನಾಲ್ಕೂವರೆಯ ಹೊತ್ತಿಗೆ ಸೂರ್ಯ ನಮ್ಮಲ್ಲಿ ದಿಗಂತದಿಂದ 30 ಡಿಗ್ರಿಯಷ್ಟೇ ಎತ್ತರದಲ್ಲಿರುತ್ತಾನೆ, ಆಗ ಕಿಟಕಿಯ ಅರ್ಧಕ್ಕೂ ಕಡಿಮೆ ಭಾಗಕ್ಕೆ ಮಾತ್ರ ನೆರಳು ಸಿಗುತ್ತದೆ. ಮುಂದಿನ ತೊಲೆಗೆ ಒಂದು ಹಳೆಯ ಚಾಪೆ ಕಟ್ಟಿ ಇಳಿಬಿಟ್ಟಿದ್ದೇನೆ. ತೆಂಕಣ ಗೋಡೆಯ ಕಿಟಕಿಗಾದರೆ ಇಷ್ಟು ಉದ್ದದ ಮಾಡು ಬೇಡ. ಅಲ್ಲಿ ನಡುಹಗಲಿನ ಸೂರ್ಯ ಚಳಿಗಾಲದಲ್ಲಿ ಕೂಡ 50 ಡಿಗ್ರಿಗಿಂತ ಮೇಲೆಯೇ ಇರುವುದರಿಂದ 2 ಅಡಿಯ ಮಾಡೂ ಒಳ್ಳೆಯ ನೆರಳು ಕೊಡುತ್ತದೆ.

ಈಗ ಹೊಸದಾಗಿ ಮನೆ ಕಟ್ಟುತ್ತಿರುವವರಿಗೆ ಒಂದು ಮಾತು. ಕಿಟಕಿಯ ನೆತ್ತಿಯ ಕಾಂಕ್ರೀಟು ತೊಲೆ, ಅಂದರೆ ಲಿಂಟಲ್, ಹಾಕುವ ದಿನವೇ ಅದರ ಜೊತೆಗೆ 2 ಅಡಿಯ ಸನ್‌ಶೇಡ್ ಹಾಕಿಸುವುದು ನಾವು ಪಟ್ಟ ಪಾಡಿಗಿಂತ ಎಷ್ಟೋ ಸುಲಭ, ಅಗ್ಗ. ಆದರೆ ಹಾಕಿಸುವಾಗ ಪಕ್ಕದಲ್ಲಿ ನಿಂತು ನೋಡಬೇಕು. ಗೋಡೆಯಿಂದ ಹೊರಕ್ಕೆ ಚಾಚಿದ ಕಾಂಕ್ರೀಟಿನಲ್ಲಿ ಎಳೆತ ಬೀಳುವುದು ಮೇಲ್ಭಾಗಕ್ಕೆ, ಆದ್ದರಿಂದ ಮುಖ್ಯ ಕಬ್ಬಿಣ ಮೇಲ್ಭಾಗದಲ್ಲೇ ಇರಬೇಕು. ತಾರಸಿಯ ಅಭ್ಯಾಸದಲ್ಲಿ ಕೆಳಗಿಟ್ಟರೆ, ಅಥವಾ ಕಾಂಕ್ರೀಟು ಸುರಿಯುವಾಗ ಕೆಲಸದವರ ಕಾಲ್ತುಳಿತಕ್ಕೆ ಅದು ಕೆಳಗೆ ಕುಸಿದರೆ, ಸನ್‌ಶೇಡ್ ಬುಡದಲ್ಲೇ ಮುರಿಯುತ್ತದೆ. ಲಿಂಟಲ್‌ನ ಮೇಲೆ ಗೋಡೆ ಏರಿ ಭಾರ ಕೂರುವವರೆಗೆ ಅಡಿಯ ಆಧಾರ ತೆಗೆಯಬಾರದು. ಮೇಲ್ಮೈ ಹೊರಗಡೆಗೆ ಇಳಿಜಾರಾಗಿರಬೇಕು, ಅಡಿಯಲ್ಲಿ ಮುಂಗಡೆಯ ಅಂಚಿನಿಂದ ಎರಡು ಅಂಗುಲ ಒಳಗೆ ಅರ್ಧ ಅಂಗುಲದ ಗೀರು ಇರಬೇಕು. ಆ ಗೀರು ಇಲ್ಲದಿದ್ದರೆ ಅಂಚಿನ ನೀರು ಅಡಿಮೈಗೆ ಅಂಟಿಕೊಂಡು ಹಿಂದಕ್ಕೆ ಹರಿದು ಕಿಟಕಿಯ ಚೌಕಟ್ಟಿಗೇ ಬರುತ್ತದೆ. ಒಂದು ಹಿಡಿ ಮರಳೂ ಹೆಚ್ಚು ಬೇಡದ, ಒಂದು ರೀಪಿನ ತುಂಡನ್ನು ಅಚ್ಚಿನಲ್ಲಿ ಇಟ್ಟರೆ ಮೂಡುವ ಗೆರೆ ಅದು.

ಜಾಗ ಇಕ್ಕಟ್ಟು, ನೆರೆಯವರ ಗಡಿ ಹತ್ತಿರ, ನಿಯಮ ಒಪ್ಪುವುದಿಲ್ಲ ಎಂಬ ಕಾರಣವನ್ನು ಹಲವರು ಹೇಳುತ್ತಾರೆ. ಮನೆಯ ಸುತ್ತ ಬಿಡಬೇಕಾದ ತೆರೆದ ಜಾಗದ ಮೇಲೆ 0.75 ಮೀಟರ್, ಅಂದರೆ ಸುಮಾರು ಎರಡೂವರೆ ಅಡಿಯವರೆಗಿನ ಸನ್‌ಶೇಡ್‌ಗೆ ರಾಷ್ಟ್ರೀಯ ಕಟ್ಟಡ ಸಂಹಿತೆಯೇ ಅವಕಾಶ ಕೊಟ್ಟಿದೆ. ಸ್ಥಳೀಯ ನಿಯಮವನ್ನು ಕೇಳಿ ತಿಳಿದುಕೊಂಡು, ಮಾಡಿನ ನೀರು ನೆರೆಯವರ ಜಾಗಕ್ಕೆ ಬೀಳದಂತೆ ನೀರು ಹಿಡಿದು ಹರಿಸುವ ಒಂದು ದಂಬೆ ಕಟ್ಟಿದರೆ ಯಾರ ಆಕ್ಷೇಪವೂ ಇರಲಾರದು.

ನನ್ನ ಕೋರಿಕೆ ಮೂವರಲ್ಲಿ. ಮನೆಯ ನಕ್ಷೆ ಬರೆಯುವ ಇಂಜಿನಿಯರರು ಕಿಟಕಿಯ ಮಾಡನ್ನು ಅಲಂಕಾರದ ಪಟ್ಟಿಗೆ ಸೇರಿಸದೆ, ಹಣ ಸಾಲದಾದಾಗ ಮೊದಲು ಕತ್ತರಿಸುವ ವಸ್ತುವಾಗಿಸದೆ, ಪಡುವಣ ಗೋಡೆಗಾದರೂ ಅದನ್ನು ಕಡ್ಡಾಯವಾಗಿ ತೋರಿಸಬೇಕು. ಸಹಾಯಧನದ ಮನೆಗಳಿಗೆ ಮಾದರಿ ನಕ್ಷೆ ರೂಪಿಸುವವರು ಕರಾವಳಿ ಮತ್ತು ಮಲೆನಾಡಿನ ಮಳೆಯನ್ನೂ ಕಲಬುರಗಿ, ರಾಯಚೂರಿನ ಬಿಸಿಲನ್ನೂ ಒಂದೇ ನಕ್ಷೆಯಿಂದ ಎದುರಿಸಲು ಹೋಗಬಾರದು. ಎರಡೂ ಕಡೆ ಕಿಟಕಿಗೆ ಮಾಡು ಬೇಕು, ಆದರೆ ಅದರ ಉದ್ದ, ಇಳಿಜಾರು, ದಿಕ್ಕು ಬೇರೆ. ಆ ಮನೆಗಳಲ್ಲಿರುವವರು ಬೀಡಿ ಕಟ್ಟುವವರು, ಹೂ ಕಟ್ಟುವವರು, ನನ್ನಂತೆ ಹೊಲಿಯುವವರು. ಅವರಿಗೆ ಕಿಟಕಿಯ ಬೆಳಕೆಂದರೆ ಆ ದಿನದ ಸಂಪಾದನೆ. ಇನ್ನು ಮೂರನೆಯ ಕೋರಿಕೆ ತಮ್ಮಲ್ಲಿ. ನಮ್ಮ ಮಾಡಿನ ಅಳತೆಗಳನ್ನು ಬರೆದ ಒಂದು ಪುಟದ ನಕ್ಷೆಯನ್ನೂ ರಟ್ಟಿನ ಮಾದರಿಯ ಪಡಿಯಚ್ಚನ್ನೂ ಈ ಪತ್ರದೊಂದಿಗೆ ಇಟ್ಟಿದ್ದೇನೆ. ಜಾಗವಿದ್ದರೆ ನಕ್ಷೆಯನ್ನು ಮೇ ಎರಡನೆಯ ವಾರದೊಳಗೆ ಪ್ರಕಟಿಸಬೇಕೆಂದು ಪ್ರಾರ್ಥಿಸುತ್ತೇನೆ. ಗಾರೆ ಒಣಗಲು, ಎಣ್ಣೆ ಹಚ್ಚಿದ ಮರ ಆರಲು ಮಳೆಗೆ ಮುನ್ನ ಹದಿನೈದು ದಿನಗಳಾದರೂ ಬೇಕಾಗುತ್ತವೆ.

ಇಂತಿ ತಮ್ಮ ವಿಶ್ವಾಸಿ,
ಹೊಲಿಗೆ ಕೆಲಸದ ಓದುಗಳೊಬ್ಬಳು
ಕುಂದಾಪುರ ತಾಲ್ಲೂಕು